ಪಂಕ್ತಿಭೇದವೂ ದಯೆಯೂ

ದಯೆಯನ್ನು ಕುರಿತು ಬಸವಣ್ಣನವರು ಹೇಳಿದ ವಚನವು ನಮ್ಮ ಪಾಠಶಾಲೆಯ ಕಿರಿಯ ವಟುಗಳಿಗೂ ಕಂಠಸ್ಥವಾಗಿರುವುದು. ಆದರೆ ಒಪ್ಪಿಸುವಾಗ ಮಕ್ಕಳು ದಯೆಯೆಂಬ ಶಬ್ದವನ್ನು ಒತ್ತಿ ನುಡಿದು, ಅದರ ಬೆನ್ನಿಗೇ ಬರುವ ‘ಸಕಲ’ ಎಂಬುದನ್ನು ಹಾರಿಸಿಕೊಂಡು ಹೋಗುವರು. ಇಂದಿನ ಪಾಠವು ಆ ಶಬ್ದವನ್ನು ಕುರಿತದ್ದು. ಕಲೆಗಳೊಡನೆ ಕೂಡಿದುದು ಸಕಲ, ಕಲೆಯೆಂದರೆ ಅಂಶ. ಹದಿನಾರು ಕಲೆಗಳಲ್ಲಿ ಒಂದು ಕುಂದಿದರೂ ಚಂದ್ರನು ಪೂರ್ಣಚಂದ್ರನೆನಿಸನು. ಅಂತೆಯೇ ಒಂದು ಜನವನ್ನು ಹೊರಗಿಟ್ಟ ದಯೆಯು ಸಕಲವಲ್ಲ, ವಿಕಲ.

ಇದಕ್ಕೆ ನಿದರ್ಶನವನ್ನು ಪುರಾಣಗಳಲ್ಲಿ ಅರಸಬೇಕಾಗಿಲ್ಲ. 2022ನೆಯ ಇಸವಿ ಫೆಬ್ರವರಿ 24ರಂದು ರಷ್ಯದ ಸೇನೆಯು ಯುಕ್ರೇನಿನ ಮೇಲೆ ದಂಡೆತ್ತಿ ಹೋಯಿತು. ಲಕ್ಷಾಂತರ ತಾಯಂದಿರು ಮಕ್ಕಳೊಡನೆ ಪೋಲೆಂಡಿನ ಗಡಿಯನ್ನು ದಾಟಿದರು. ಅಲ್ಲಿಯ ಜನರು ಮನೆಬಾಗಿಲನ್ನು ತೆರೆದರು. ಯುರೋಪಿನ ಒಕ್ಕೂಟವು 2001ರಲ್ಲಿ ರಚಿಸಿ ಅದುವರೆಗೆ ಒಮ್ಮೆಯೂ ಬಳಸದಿದ್ದ ತಾತ್ಕಾಲಿಕ ರಕ್ಷಣೆಯ ವಿಧಿಯನ್ನು ಹತ್ತು ದಿನಗಳೊಳಗಾಗಿ ಜಾರಿಗೆ ತಂದಿತು. ಇದು ಸ್ತುತ್ಯವಾದ ಕಾರ್ಯ. ಆದರೆ ಕೆಲವೇ ತಿಂಗಳ ಹಿಂದೆ, 2021ರಲ್ಲಿ, ಅದೇ ಪೋಲೆಂಡಿನ ಬೆಲಾರೂಸ್ ಗಡಿಯಲ್ಲಿ ಇರಾಕ್, ಸಿರಿಯಾ, ಆಫ್ಘಾನಿಸ್ತಾನಗಳ ಜನರನ್ನು ಕಾಡಿನೊಳಕ್ಕೆ ಹಿಂದಟ್ಟಲಾಯಿತು; ಚಳಿಯಲ್ಲಿ ಕೆಲವರು ಸತ್ತರು. ಬೆಲಾರೂಸಿನ ಆಡಳಿತವು ಅವರನ್ನು ದಾಳಗಳನ್ನಾಗಿ ಬಳಸಿತೆಂಬುದು ನಿಜ. ಆದರೂ ಚಳಿ ತಟ್ಟಿದುದು ಅವರ ದೇಹಕ್ಕೆ.

ಪರರ ದೋಷವನ್ನೆಣಿಸುವುದು ಸುಲಭ. ನಮ್ಮದನ್ನೂ ನೋಡೋಣ. 2023ನೆಯ ಏಪ್ರಿಲ್ 15ರಂದು ಸುಡಾನಿನಲ್ಲಿ ಸೇನೆಗೂ ಅರೆಸೇನೆಗೂ ಕಾಳಗ ಹತ್ತಿತು. ಗಿಡಮೂಲಿಕೆಯ ಔಷಧ ಮಾರಲು ಹೋಗಿದ್ದ ನಮ್ಮ ಕರ್ನಾಟಕದ ಹಕ್ಕಿಪಿಕ್ಕಿ ಜನರಲ್ಲಿ ಹಲವರು ಅಲ್ ಫಶೀರ್ ಎಂಬ ಪಟ್ಟಣದಲ್ಲಿ ಅನ್ನನೀರಿಗೆ ಪರದಾಡುತ್ತ ಸಿಕ್ಕಿಬಿದ್ದರು. ಆಗ ಆ ಊರಿನ ಹೆಸರು ನಮ್ಮ ಪತ್ರಿಕೆಗಳಲ್ಲಿ ಕಾಣಿಸಿಕೊಂಡಿತು. ‘ಆಪರೇಷನ್ ಕಾವೇರಿ’ಯ ಮೂಲಕ ಸರಕಾರವು ಸಾವಿರಾರು ಭಾರತೀಯರನ್ನು ಕರೆತಂದಿತು, ಇವರೂ ಮರಳಿದರು. (ಹುಟ್ಟಿದ ನಾಡಿನಲ್ಲಿಯೇ ಈ ಜನರನ್ನು ಯಾರೂ ಪಂಕ್ತಿಗೆ ಕರೆಯದಿದ್ದ ಕಾಲವಿತ್ತೆಂಬುದು ಬೇರೆಯ ಮಾತು.) ನಮ್ಮವರು ಮರಳಿದರು, ಊರಿನ ಹೆಸರೂ ಮರೆಯಿತು. ಅದೇ ಅಲ್ ಫಶೀರನ್ನು 2024ರ ಮೇ ತಿಂಗಳಿಂದ ಅರೆಸೇನೆಯು ಮುತ್ತಿತು. ಆಗಸ್ಟಿನಲ್ಲಿ ಅದರ ಪಕ್ಕದ ಝಮ್‌ಝಮ್ ಶಿಬಿರದಲ್ಲಿ ಕ್ಷಾಮವುಂಟಾಗಿದೆಯೆಂದು ತಜ್ಞರು ನಿರ್ಣಯಿಸಿದರು. 2025ರ ಅಕ್ಟೋಬರ್ 26ರಂದು ಪಟ್ಟಣವು ಬಿದ್ದು ಘೋರವಾದ ನರಮೇಧ ನಡೆಯಿತು. ಈ ಯುದ್ಧದಲ್ಲಿ ಮನೆ ಬಿಟ್ಟವರು ಒಂದು ಕೋಟಿಗೂ ಮಿಗಿಲು.

ಹಾವೇರಿ ಜಿಲ್ಲೆಯ ವಿದ್ಯಾರ್ಥಿಯೊಬ್ಬನು 2022ರ ಮಾರ್ಚಿಯಲ್ಲಿ ಖಾರ್ಕಿವ್ ನಗರದಲ್ಲಿ ಮಡಿದಾಗ ನಾವು ಸಂಜೆಯ ಪ್ರಾರ್ಥನೆಯಲ್ಲಿ ಮೌನವಾಗಿ ಕುಳಿತೆವು. ಅಲ್ ಫಶೀರಿನ ವಾರ್ತೆಯನ್ನೋದಿದ ದಿನ ನಾನು ಪತ್ರಿಕೆಯನ್ನು ಮಡಿಸಿಟ್ಟು ಅಮರಕೋಶದ ಪಾಠಕ್ಕೆ ನಡೆದೆನು.

ಅದೇ ವಾರ ಪ್ರಸಾದನಿಲಯದಲ್ಲಿ ಪಾಯಸ ಬಡಿಸುತ್ತಿದ್ದ ಹುಡುಗನೊಬ್ಬನು ತನ್ನೂರಿನವರ ಎಲೆಗೆ ಬಂದಾಗ ಸೌಟನ್ನು ಆಳಕ್ಕೆ ಅದ್ದುವುದನ್ನು ಕಂಡೆನು. ಪಂಕ್ತಿಭೇದವು ಮಹಾದೋಷವೆಂದು ಗದರಿಸಲು ಬಾಯಿ ತೆರೆದವನು ಸುಮ್ಮನಾದೆನು.

ಸಮೀಪದವರಿಗಾಗಿ ಮನಸ್ಸು ಮೊದಲು ಮಿಡಿಯುವುದು ದೋಷವಲ್ಲ, ಅದು ಪ್ರಕೃತಿ. ಇವನು ಯಾರ ಕಡೆಯವನೆಂದು ವಿಚಾರಿಸಿದ ಮೇಲೆಯೇ ಮಿಡಿಯುವುದು ದೋಷ. ಶರಣರು ದಾಸೋಹದಲ್ಲಿ ಕುಲವನ್ನು ಕೇಳಬಾರದೆಂದದ್ದು ಇದಕ್ಕಾಗಿಯೇ. ಇನ್ನು ಕೆಲವರು ಯುಕ್ರೇನಿನ ದುಃಖವನ್ನು ಹೇಳಿದೊಡನೆ ಸುಡಾನನ್ನೆತ್ತಿ ಬಾಯಿ ಮುಚ್ಚಿಸುವರು. ಅವರು ಸುಡಾನಿಗಾಗಿ ಒಂದು ಹಿಡಿ ಅಕ್ಕಿಯನ್ನೂ ಕೊಟ್ಟವರಲ್ಲ. ಒಂದು ಎಲೆಯ ಅನ್ನವನ್ನು ಕಸಿದರೆ ಇನ್ನೊಂದು ಎಲೆಯು ತುಂಬದು.

ಇದನ್ನೆಲ್ಲ ತರಗತಿಯಲ್ಲಿ ಹೇಳಿದಾಗ ಆ ಹುಡುಗನೇ ಕೇಳಿದನು: “ಪಾಯಸವೇ ಸ್ವಲ್ಪವಿದ್ದರೆ ಏನು ಮಾಡುವುದು, ಗುರುಗಳೇ?” ಸೌಟನ್ನು ಕಿರಿದು ಮಾಡು, ಸಾಲನ್ನಲ್ಲ ಎಂದೆನು. ಆತನಿಗೆ ಪೂರ್ತಿ ಒಪ್ಪಿಗೆಯಾದಂತೆ ತೋರಲಿಲ್ಲ.

ಈಗ ಸಂಜೆಯ ಪ್ರಾರ್ಥನೆಯಲ್ಲಿ ಅಲ್ ಫಶೀರಿನ ಹೆಸರನ್ನೂ ಹೇಳುತ್ತೇವೆ. ಮಕ್ಕಳಿಗೆ ಅದರ ಉಚ್ಚಾರಣೆಯು ಇನ್ನೂ ಸರಿಯಾಗಿ ಕೂಡಿಬಂದಿಲ್ಲ.