ಹಳೆಯ ಇಮೇಲ್‌ಗಳ ಡಿಜಿಟಲ್ ಸಹಿ ತೆಗೆಯುವುದು ಹೇಗೆ?

ಕೆಲವು ಇಮೇಲ್‌ಗಳ ಜೊತೆ ‘ಎಸ್‌ಮೈಮ್.ಪಿ7ಎಸ್’ ಅಥವಾ ‘ಸಿಗ್ನೇಚರ್.ಎಎಸ್‌ಸಿ’ ಎಂಬ ಪುಟ್ಟ ಫೈಲ್ ಬರುತ್ತದೆ. ಮೊದಲನೆಯದು ಎಸ್/ಮೈಮ್, ಎರಡನೆಯದು ಪಿಜಿಪಿ ಪದ್ಧತಿಯ ಡಿಜಿಟಲ್ ಸಹಿ. ಎಸ್/ಮೈಮ್ ಸಹಿಯೊಳಗೆ ಸಾಮಾನ್ಯವಾಗಿ ಪ್ರಮಾಣಪತ್ರವೂ ಇರುವುದರಿಂದ ಎರಡು ಸಾಲಿನ ಪತ್ರಕ್ಕಿಂತ ಸಹಿಯೇ ದೊಡ್ಡದಾಗುವುದುಂಟು. ಇಂಥ ಸಾವಿರಾರು ಪತ್ರಗಳಿದ್ದರೆ ಪೈಥಾನ್‌ನ ಚಿಕ್ಕ ಸ್ಕ್ರಿಪ್ಟ್‌ನಿಂದ ಸಂಗ್ರಹವನ್ನು ಹಗುರ ಮಾಡಬಹುದು.

ಬರೀ ಅಟ್ಯಾಚ್‌ಮೆಂಟ್ ಅಳಿಸಿದರೆ ಸಾಲದು. ಇಂಥ ಪತ್ರದ ಹೆಡರ್‌ನಲ್ಲಿ ‘ಮಲ್ಟಿಪಾರ್ಟ್/ಸೈನ್ಡ್’ ಎಂದಿರುತ್ತದೆ. ಅದರೊಳಗೆ ಎರಡು ಭಾಗ: ಮೊದಲು ಪತ್ರ, ಆಮೇಲೆ ಸಹಿ. ಹೆಡರ್ ಹಾಗೇ ಉಳಿದರೆ ಇಮೇಲ್ ತಂತ್ರಾಂಶ ಇಲ್ಲದ ಸಹಿಯನ್ನು ಹುಡುಕುತ್ತಲೇ ಇರುತ್ತದೆ.

1. ನಿಮ್ಮ ಇಮೇಲ್ ತಂತ್ರಾಂಶ ಥಂಡರ್‌ಬರ್ಡ್ ಆಗಿದ್ದರೆ ಮೊದಲು ಅದನ್ನು ಮುಚ್ಚಿ. ‘ಲೋಕಲ್ ಫೋಲ್ಡರ್ಸ್’ನಲ್ಲಿರುವ ಎಂಬಾಕ್ಸ್ ಫೈಲನ್ನು (ಒಂದು ಫೋಲ್ಡರ್‌ನ ಪತ್ರಗಳೆಲ್ಲ ಒಟ್ಟಿಗಿರುವ ಫೈಲ್) ಬೇರೆಡೆ ಕಾಪಿ ಮಾಡಿಕೊಳ್ಳಿ. ಮೂಲ ಫೈಲನ್ನು ಮುಟ್ಟಬೇಡಿ.

2. ಮುಖ್ಯ ಪತ್ರಗಳ ಸಹಿ ಸರಿಯಿದೆಯೇ ಎಂದು ಈಗಲೇ ನೋಡಿಕೊಳ್ಳಿ. ಸಹಿ ಹೋದ ಪ್ರತಿಯಲ್ಲಿ ಅದು ಸಾಧ್ಯವಿಲ್ಲ.

3. ಪೈಥಾನ್ ಜೊತೆಗೇ ಬರುವ ‘ಮೇಲ್‌ಬಾಕ್ಸ್’ ಮಾಡ್ಯೂಲ್‌ನಿಂದ ಕಾಪಿಯನ್ನು ತೆರೆದು, ಪತ್ರಗಳನ್ನು ಒಂದೊಂದಾಗಿ ಓದಿಸಿ. ಹೆಡರ್‌ನಲ್ಲಿ ‘ಮಲ್ಟಿಪಾರ್ಟ್/ಸೈನ್ಡ್’ ಇಲ್ಲದವು ಹೊಸ ಎಂಬಾಕ್ಸ್‌ಗೆ ಇದ್ದ ಹಾಗೇ ಹೋಗಲಿ.

4. ಇದ್ದವುಗಳಲ್ಲಿ ಹೊರಗಿನ ‘ಕಂಟೆಂಟ್-ಟೈಪ್’ ಅಳಿಸಿ, ಮೊದಲ ಭಾಗದ ‘ಕಂಟೆಂಟ್-ಟೈಪ್’ ಮತ್ತು ‘ಕಂಟೆಂಟ್-ಟ್ರಾನ್ಸ್‌ಫರ್-ಎನ್‌ಕೋಡಿಂಗ್’ ಹೆಡರ್‌ಗಳನ್ನು ಅಲ್ಲಿಗೆ ತನ್ನಿ. ಆ ಭಾಗದ ಒಡಲನ್ನೇ ಇಡೀ ಪತ್ರದ ಒಡಲಾಗಿಸಿ, ಹೊಸ ಎಂಬಾಕ್ಸ್‌ಗೆ ಸೇರಿಸಿ. ಈ ಎರಡು ಹೆಡರ್ ಬಿಟ್ಟುಹೋದರೆ ಕನ್ನಡ ಪತ್ರ ಅರ್ಥವಿಲ್ಲದ ಅಕ್ಷರರಾಶಿಯಾಗುತ್ತದೆ. ಕಳಿಸಿದವರು, ವಿಷಯ, ದಿನಾಂಕದ ಸಾಲುಗಳು ಹಾಗೇ ಇರಲಿ.

5. ಹಳೆಯ, ಹೊಸ ಫೈಲ್‌ಗಳಲ್ಲಿ ಪತ್ರಗಳ ಸಂಖ್ಯೆ ಒಂದೇ ಇದೆಯೇ ಎಂದು ತಾಳೆ ನೋಡಿ. ಹೊಸದನ್ನು ಬೇರೆ ಹೆಸರಿನಲ್ಲಿ ‘ಲೋಕಲ್ ಫೋಲ್ಡರ್ಸ್’ಗೆ ಹಾಕಿ, ಕನ್ನಡ ಪತ್ರ ಮತ್ತು ಅಟ್ಯಾಚ್‌ಮೆಂಟ್ ಇರುವ ಪತ್ರಗಳನ್ನು ತೆರೆದು ನೋಡಿ.

ಎಚ್ಚರ: ‘ಎಸ್‌ಮೈಮ್.ಪಿ7ಎಂ’ ಕಂಡರೆ ಅದರ ತಂಟೆಗೆ ಹೋಗಬೇಡಿ. ಅದರಲ್ಲಿ ಪತ್ರವೇ ಸಹಿಯೊಳಗೆ ಅಡಗಿರುತ್ತದೆ ಅಥವಾ ಗೂಢಲಿಪಿಯಲ್ಲಿರುತ್ತದೆ. ಪತ್ರದ ಒಡಲು ಬದಲಾದ ಮೇಲೆ, ಕಳಿಸಿದ ಸರ್ವರ್ ಹಾಕಿದ ಡಿಕಿಮ್ ಸಹಿಯೂ ಸಾಮಾನ್ಯವಾಗಿ ತಾಳೆಯಾಗುವುದಿಲ್ಲ.

ಕಾನೂನಿನ ಪ್ರಕಾರ ಕಾಪಾಡಬೇಕಾದ ಎಲೆಕ್ಟ್ರಾನಿಕ್ ದಾಖಲೆ ಮೂಲ ಸ್ವರೂಪದಲ್ಲಿ, ಇಲ್ಲವೇ ಅದನ್ನು ನಿಖರವಾಗಿ ತೋರಿಸಬಲ್ಲ ಸ್ವರೂಪದಲ್ಲಿ ಇರಬೇಕು ಎನ್ನುತ್ತದೆ 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 7ನೇ ಸೆಕ್ಷನ್. ಹಾಗಾಗಿ ಕರಾರು, ತೆರಿಗೆ, ವ್ಯಾಜ್ಯದ ಪತ್ರಗಳ ಮೂಲ ಪ್ರತಿಯನ್ನು ಬೇರೊಂದು ಡಿಸ್ಕ್‌ನಲ್ಲಿ ಸಹಿಸಮೇತ ಉಳಿಸಿಕೊಳ್ಳಿ.