ಉಪ್ಪುಸೊಳೆಯ ಪಾಠ: ನಮ್ಮ ಮನೆಯಡುಗೆ ಮತ್ತು ಅತಿಥಿ ಸತ್ಕಾರ

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಒಂದು ಲೇಖನ ಬೇಕೆಂದು ಸಂಪಾದಕ ಮಂಡಳಿಯ ಮಿತ್ರರು ಕೇಳಿಕೊಂಡಾಗ, ಶಿಕ್ಷಣ ಪದ್ಧತಿಯ ಕುರಿತೋ ಕಾಸರಗೋಡಿನ ಕನ್ನಡದ ಸ್ಥಿತಿಗತಿಯ ಕುರಿತೋ ನಾನು ಬರೆಯುವೆನೆಂದು ಅವರು ನಿರೀಕ್ಷಿಸಿದ್ದಿರಬೇಕು. ಆ ವಿಷಯಗಳನ್ನು ನನಗಿಂತ ಚೆನ್ನಾಗಿ ಬಲ್ಲವರು ನಮ್ಮಲ್ಲಿ ಅನೇಕರಿದ್ದಾರೆ. ನಾನು ಕನ್ನಡ ಮಾಧ್ಯಮದಲ್ಲಿ ಎಸ್.ಎಸ್.ಎಲ್.ಸಿ. ತೇರ್ಗಡೆಯಾಗಿ, ಶಿಕ್ಷಕ ತರಬೇತಿಯನ್ನು ಮುಗಿಸಿ, ಚಿಕ್ಕ ಮಕ್ಕಳಿಗೆ ಅಕ್ಷರ ತಿದ್ದಿಸುತ್ತ ಆಯುಷ್ಯವನ್ನು ಕಳೆದವನು. ಆದುದರಿಂದ ನಾನು ಕಲಿಸಿದ ಪಾಠವನ್ನಲ್ಲ, ಒಂದು ಮನೆಯ ಅಡುಗೆಕೋಣೆಯಲ್ಲಿ ಕುಳಿತು ಕಲಿತ ಪಾಠವನ್ನು ಇಲ್ಲಿ ನಿವೇದಿಸಲು ಇಚ್ಛಿಸುತ್ತೇನೆ.

ಕೆಂಪು ಶಾಯಿಯ ತಿದ್ದುಪಡಿ

ನಾನು ಅಧ್ಯಾಪಕನಾಗಿ ಸೇರಿದ ಮೊದಲ ವರ್ಷಗಳ ಮಾತು. ನಾಲ್ಕನೆಯ ತರಗತಿಯ ಮಕ್ಕಳಿಗೆ ‘ನಮ್ಮ ಮನೆಯ ಊಟ’ ಎಂಬ ವಿಷಯದ ಮೇಲೆ ಹತ್ತು ವಾಕ್ಯಗಳನ್ನು ಬರೆಯಲು ಹೇಳಿದ್ದೆ. ಒಬ್ಬ ಬಾಲಕಿ ‘ಮಳೆಗಾಲದಲ್ಲಿ ಅಮ್ಮ ಉಪ್ಪುಸೊಳೆಯ ಪಲ್ಯ ಮಾಡುತ್ತಾರೆ’ ಎಂದು ಬರೆದಿದ್ದಳು. ಪುಸ್ತಕದ ಕನ್ನಡದಲ್ಲಿ ಹಲಸಿನ ಹಣ್ಣಿಗೆ ಇರುವುದು ‘ತೊಳೆ’. ನಾನೂ ಮನೆಯಲ್ಲಿ ‘ಸೊಳೆ’ ಎಂದೇ ಹೇಳುತ್ತ ಬೆಳೆದವನು. ಆದರೂ ಹೊಸ ಅಧ್ಯಾಪಕನ ಉತ್ಸಾಹದಲ್ಲಿ ಆ ಪದದ ಸುತ್ತ ಕೆಂಪು ಶಾಯಿಯಿಂದ ವೃತ್ತವನ್ನೆಳೆದು, ‘ತೊಳೆ’ ಎಂದು ತಿದ್ದಿದೆ. ಅಷ್ಟಕ್ಕೇ ನಿಲ್ಲಿಸಿದ್ದರೆ ಬಾಧಕವಿರಲಿಲ್ಲ. “ನಿಮ್ಮ ಮನೆಯಲ್ಲಿ ಸೊಳ್ಳೆಗೆ ಉಪ್ಪು ಹಾಕಿ ತಿನ್ನುವುದುಂಟೋ?” ಎಂದು ತರಗತಿಯ ಮುಂದೆ ವಿನೋದ ಮಾಡಿದೆ. ಮಕ್ಕಳೆಲ್ಲ ನಕ್ಕರು. ಅವಳೊಬ್ಬಳು ನಗಲಿಲ್ಲ.

ಅಂದಿನಿಂದ ಅವಳ ಪ್ರಬಂಧಗಳಲ್ಲಿ ತಪ್ಪುಗಳು ಕಡಿಮೆಯಾದವು; ಜತೆಗೆ ಅವಳ ಮನೆಯ ಸುದ್ದಿಯೂ ಕಾಣದಾಯಿತು. ಪಾಠಪುಸ್ತಕದ ವಾಕ್ಯಗಳನ್ನೇ ಹಿಂದುಮುಂದು ಮಾಡಿ ಬರೆಯುತ್ತಿದ್ದಳು. ನಾನು ಅದನ್ನು ಪ್ರಗತಿಯೆಂದೇ ಭಾವಿಸಿದ್ದೆ.

ಆಟಿ ತಿಂಗಳ ಒಂದು ಸಂಜೆ

ಅದೇ ವರ್ಷದ ಆಟಿ ತಿಂಗಳು. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 3,500 ಮಿಲ್ಲಿಮೀಟರು ಮಳೆ ಸುರಿಯುವುದನ್ನೂ, ಅದರ ಬಹುಪಾಲು ಜೂನ್‌ನಿಂದ ಸಪ್ಟೆಂಬರಿನೊಳಗೇ ಬೀಳುವುದನ್ನೂ ವಾಚಕರು ಬಲ್ಲರು. ಶಾಲೆ ಬಿಟ್ಟು ಹೊರಟವನು ದಾರಿಯಲ್ಲಿ ತೋಡು ಉಕ್ಕಿ, ಸಂಕದ ಮೇಲೆ ನೀರು ಹರಿಯುತ್ತಿದ್ದುದರಿಂದ ಮುಂದೆ ಸಾಗಲಾರದೆ ನಿಂತೆ. ಹತ್ತಿರದ ತೋಟದ ಮನೆಯಿಂದ ಒಬ್ಬ ಗೃಹಿಣಿ ಕೂಗಿದರು: “ಮಾಷ್ಟ್ರೇ, ಪೂರಾ ಚಂಡಿಯಾಗಿದ್ದೀರಲ್ಲ! ಮೇಲೆ ಬನ್ನಿ.” ಅದು ಆ ಬಾಲಕಿಯ ಮನೆ.

ಜಗಲಿಯಲ್ಲಿ ಕೈಕಾಲು ತೊಳೆಯಲು ಚೆಂಬಿನಲ್ಲಿ ಬಿಸಿನೀರು ಬಂತು, ಮೈ ಒರೆಸಲು ಒಣಗಿದ ಬೈರಾಸು ಬಂತು, ಕುಳಿತುಕೊಳ್ಳಲು ಮಣೆ ಬಂತು. ಒಂದು ತಟ್ಟೆಯಲ್ಲಿ ಬೆಲ್ಲದ ತುಂಡು, ಲೋಟದಲ್ಲಿ ನೀರು ಬಂತು. “ಆಸರಿಗೆ ಎಂತ ಮಾಡಲಿ?” ಎಂದು ಆ ತಾಯಿ ಕೇಳಿದರು. ಕತ್ತಲಾಗುವವರೆಗೂ ತೋಡಿನ ನೀರು ಇಳಿಯಲಿಲ್ಲ. “ಈ ಮಳೆಗೆ ಹೋಗುವುದು ಬೇಡ ಮಾಷ್ಟ್ರೇ, ಇದ್ದುದರಲ್ಲಿ ಊಟ ಮಾಡಿ ಮಲಗಿ” ಎಂದರು ಮನೆಯ ಯಜಮಾನರು.

ವಾರಗಟ್ಟಲೆ ಸಂತೆಯಿಲ್ಲ, ಅಂಗಳದಲ್ಲಿ ತರಕಾರಿಯಿಲ್ಲ. ಹೇಳದೆ ಕೇಳದೆ ಬಂದ ಅತಿಥಿ ನಾನು. ಆದರೂ ಬಾಳೆಲೆಯ ಮೇಲೆ ಕುಚ್ಚಲಕ್ಕಿಯ ಬಿಸಿ ಗಂಜಿ, ಕೆಂಡದಲ್ಲಿ ಸುಟ್ಟು ತೆಂಗಿನೆಣ್ಣೆ ಸವರಿದ ಹಲಸಿನ ಹಪ್ಪಳ, ಮಾವಿನ ಮಿಡಿ, ಒಂದೆಲಗದ ತಂಬುಳಿ, ನಡುವೆ ಒಂದು ಪಲ್ಯ. ಬಡಿಸಲು ಬಂದವಳು ಅದೇ ಬಾಲಕಿ. ಪಲ್ಯವನ್ನು ಬಡಿಸುವಾಗ ಅವಳು ತಲೆಯೆತ್ತಲಿಲ್ಲ. ಅದು ಉಪ್ಪುಸೊಳೆಯ ಪಲ್ಯವಾಗಿತ್ತು.

ಅದಕ್ಕಿಂತ ರುಚಿಯಾದ ಊಟವನ್ನು ನಾನು ಉಂಡಿರಬಹುದು. ಅದಕ್ಕಿಂತ ನಾಚಿಕೆಯಿಂದ ಉಂಡದ್ದಿಲ್ಲ. ಶಾಲೆಯಲ್ಲಿ ನಡೆದುದನ್ನು ಆಕೆ ಮನೆಯಲ್ಲಿ ಹೇಳಿರಲಿಲ್ಲವೆಂಬುದು ತಂದೆತಾಯಿಯರ ಆದರದಿಂದಲೇ ತಿಳಿಯುತ್ತಿತ್ತು. ಎರಡನೆಯ ಬಾರಿ ಪಲ್ಯವನ್ನು ಕೇಳಿ ಹಾಕಿಸಿಕೊಂಡೆ. ತಪ್ಪಾಯಿತೆಂದು ಹೇಳುವ ಧೈರ್ಯ ಆಗ ಬರಲಿಲ್ಲ.

ಉಪ್ಪುಸೊಳೆ ಮಾಡುವ ಕ್ರಮ

ಈಗ ಆ ಪದಾರ್ಥದ ವಿಚಾರವನ್ನು ಕ್ರಮವಾಗಿ ತಿಳಿಯೋಣ. ನಗರಗಳಲ್ಲಿ ನೆಲಸಿರುವ ನಮ್ಮ ಹಳೆ ವಿದ್ಯಾರ್ಥಿಗಳ ಮಕ್ಕಳಿಗೆ ಇದು ಉಪಯುಕ್ತವಾದೀತು.

ಹಲಸಿನಲ್ಲಿ ಗಟ್ಟಿ ಸೊಳೆಯ ಬಕ್ಕೆ, ಮೆತ್ತನೆಯ ಸೊಳೆಯ ತುಳುವ ಎಂದು ಎರಡು ಬಗೆಗಳುಂಟು. ಉಪ್ಪಿನಲ್ಲಿ ಹಾಕಲು ಚೆನ್ನಾಗಿ ಬಲಿತ, ಆದರೆ ಹಣ್ಣಾಗದ ಕಾಯಿ ಬೇಕು. ಕೈಗೂ ಕತ್ತಿಗೂ ತೆಂಗಿನೆಣ್ಣೆ ಸವರಿಕೊಂಡು, ಮೇಣವನ್ನು ಒರೆಸಿ, ಸೊಳೆಗಳನ್ನು ಬಿಡಿಸಿ ಬೀಜವನ್ನು ತೆಗೆಯಬೇಕು. ನಾಲ್ಕೈದು ಪಾಲು ಸೊಳೆಗೆ ಒಂದು ಪಾಲು ಕಲ್ಲುಪ್ಪು ಎಂಬುದು ನನ್ನ ತಾಯಿಯವರ ಲೆಕ್ಕ. ಒಣಗಿದ ಭರಣಿಯಲ್ಲಿ ಒಂದು ಪದರ ಸೊಳೆ, ಒಂದು ಪದರ ಉಪ್ಪು ಎಂಬಂತೆ ಒತ್ತಿ ತುಂಬಿ, ಮೇಲೆ ಬಾಳೆಲೆಯನ್ನು ಮುಚ್ಚಿ, ತೊಳೆದು ಒಣಗಿಸಿದ ಕಲ್ಲನ್ನು ಭಾರವಾಗಿ ಇಡಬೇಕು. ಉಪ್ಪು ಸೊಳೆಯೊಳಗಿನ ನೀರನ್ನು ಹೊರಕ್ಕೆ ಸೆಳೆಯುವುದರಿಂದ ಕೆಲವು ದಿನಗಳಲ್ಲಿ ತಾನಾಗಿಯೇ ಉಪ್ಪುನೀರು ಏಳುತ್ತದೆ. ಅಷ್ಟು ಖಾರವಾದ ಉಪ್ಪುನೀರಿನಲ್ಲಿ ಕೊಳೆಯಿಸುವ ಸೂಕ್ಷ್ಮಜೀವಿಗಳು ಬೆಳೆಯಲಾರವು. ಸೊಳೆಗಳು ಸದಾ ನೀರಿನಡಿಯಲ್ಲಿ ಮುಳುಗಿರಬೇಕು. ತೆಗೆಯುವ ಕೈ ಮತ್ತು ಸೌಟು ಒಣಗಿರಬೇಕು. ಇವೆರಡು ನಿಯಮಗಳನ್ನು ಪಾಲಿಸಿದರೆ ಬೇಸಗೆಯಲ್ಲಿ ತುಂಬಿದ ಭರಣಿ ಮಳೆಗಾಲವಿಡೀ ಬರುತ್ತದೆ.

ಅಡುಗೆಗೆ ಬೇಕಾದಷ್ಟನ್ನು ಹಿಂದಿನ ರಾತ್ರಿಯೇ ನೀರಿನಲ್ಲಿ ಹಾಕಿ, ಎರಡು ಮೂರು ಬಾರಿ ನೀರು ಬದಲಿಸಿ, ಹಿಂಡಿ ಉಪ್ಪನ್ನು ತೆಗೆಯಬೇಕು. ಆಮೇಲೆ ಸಣ್ಣಗೆ ಹೆಚ್ಚಿ, ಮೆಣಸಿನಪುಡಿ, ಚೂರು ಬೆಲ್ಲ ಸೇರಿಸಿ ಬೇಯಿಸಿ, ಸಾಸಿವೆ, ಉದ್ದಿನಬೇಳೆ, ಕರಿಬೇವುಗಳ ಒಗ್ಗರಣೆ ಕೊಟ್ಟು, ತೆಂಗಿನ ತುರಿಯನ್ನು ಉದುರಿಸಿದರೆ ಪಲ್ಯ ಸಿದ್ಧ. ಬೇರೆ ಉಪ್ಪು ಬೇಕಾಗದು. ತೆಂಗಿನ ತುರಿಯೊಡನೆ ಗಟ್ಟಿಯಾಗಿ ರುಬ್ಬಿ, ಅಕ್ಕಿಹಿಟ್ಟು ಸೇರಿಸಿ, ಸಣ್ಣ ಉಂಡೆಗಳನ್ನು ಮಾಡಿ ಎಣ್ಣೆಯಲ್ಲಿ ಕರಿದರೆ ಉಂಡಲಕಾಳಾಗುತ್ತದೆ. ರಕ್ತದೊತ್ತಡವಿರುವ ನನ್ನಂಥ ವೃದ್ಧರು ಮಾತ್ರ ಎಷ್ಟು ತೊಳೆದರೂ ಇದರಲ್ಲಿ ಉಪ್ಪು ಉಳಿಯುವುದೆಂಬುದನ್ನು ಮರೆಯದೆ ಮಿತವಾಗಿ ತಿನ್ನತಕ್ಕದ್ದು.

ಬಿಡಿಸಿದ ಹಲಸಿನಲ್ಲಿ ಯಾವುದೂ ವ್ಯರ್ಥವಾಗುತ್ತಿರಲಿಲ್ಲ. ರೆಚ್ಚೆ, ಸಿಪ್ಪೆ ಹಟ್ಟಿಯ ದನಗಳಿಗೆ. ಬೀಜಗಳನ್ನು ಕೆಂಪು ಮಣ್ಣು ಸವರಿ ಇಟ್ಟರೆ ಮಳೆಗಾಲದ ಸಾಂಬಾರಿಗೆ. ಉಪ್ಪುನೀರಿನಲ್ಲಿ ಬೇಯಿಸಿ ಒಣಗಿಸಿದರೆ ಸಾಂತಾಣಿ. ಕಲ್ಲಿನಂತಿರುವ ಆ ಸಾಂತಾಣಿಯನ್ನು ದವಡೆಯಲ್ಲಿಟ್ಟುಕೊಂಡು ಪಾಠ ಕೇಳುತ್ತಿದ್ದ ವಿದ್ಯಾರ್ಥಿಗಳು ಈ ಸಂಚಿಕೆಯನ್ನು ಓದುವಾಗ ನಗುತ್ತಾರೆಂಬುದರಲ್ಲಿ ಸಂದೇಹವಿಲ್ಲ. ಅವರು ಮಗ್ಗಿ ಹೇಳುವಾಗ ತಡವರಿಸುತ್ತಿದ್ದುದರ ಕಾರಣವನ್ನು ನಾನು ಬಲ್ಲವನಾಗಿದ್ದೆ.

ಅತಿಥಿ ಬಂದಾಗ

‘ಅತಿಥಿ’ ಎಂದರೆ ತಿಥಿಯನ್ನು ನೋಡದೆ ಬರುವವನು ಎಂದು ಹಿರಿಯರು ಅರ್ಥ ಹೇಳುವುದುಂಟು. ಹಾಗೆ ಬಂದವನನ್ನು ಸತ್ಕರಿಸಲು ನಮ್ಮ ಮನೆಗಳಲ್ಲಿ ಒಂದು ಕ್ರಮವಿತ್ತು. ಮೊದಲು ಕೈಕಾಲಿಗೆ ನೀರು, ಅನಂತರ ಬೆಲ್ಲ ಮತ್ತು ನೀರು, ಆಮೇಲೆ ಕ್ಷೇಮಸಮಾಚಾರ. ಬಂದ ಕಾರಣವನ್ನು ಆತ ತಾನಾಗಿ ಹೇಳುವ ತನಕ ಕೇಳುತ್ತಿರಲಿಲ್ಲ. ಊಟವಾದ ಮೇಲೆ ಎಲೆಯಡಿಕೆಯ ತಟ್ಟೆ. ಇದರಲ್ಲಿ ದುಬಾರಿಯಾದುದು ಯಾವುದೂ ಇಲ್ಲ. ಬಿಸಿಲಿನಲ್ಲಿ ಗುಡ್ಡ ಹತ್ತಿ ಇಳಿದು ಬಂದವನಿಗೆ ಬೆಲ್ಲವು ತಕ್ಷಣ ಚೈತನ್ಯವನ್ನು ಕೊಡುತ್ತದೆ. ಅಷ್ಟರಲ್ಲಿ ಒಳಗಿನವರಿಗೆ ಒಲೆ ಹೊತ್ತಿಸಲು ಸಮಯ ಸಿಗುತ್ತದೆ.

ಅನಿರೀಕ್ಷಿತ ಅತಿಥಿಗೆ ತಂಬುಳಿಯಷ್ಟು ಅನುಕೂಲವಾದ ವ್ಯಂಜನ ಮತ್ತೊಂದಿಲ್ಲ. ಒಂದು ಹಿಡಿ ಒಂದೆಲಗ, ಅರ್ಧ ಚಮಚ ಜೀರಿಗೆ, ನಾಲ್ಕೈದು ಕಾಳುಮೆಣಸುಗಳನ್ನು ತುಪ್ಪದಲ್ಲಿ ಹುರಿದು, ಕಾಲು ಭಾಗ ತೆಂಗಿನಕಾಯಿಯ ತುರಿಯೊಡನೆ ನುಣ್ಣಗೆ ರುಬ್ಬಿ, ಎರಡು ಲೋಟ ಮಜ್ಜಿಗೆಗೆ ಬೆರೆಸಿ ಉಪ್ಪು ಹಾಕಿದರಾಯಿತು. ಕುದಿಸಬೇಕಾಗಿಲ್ಲ. ಒಬ್ಬ ಹೆಚ್ಚು ಬಂದರೆ ಇನ್ನೊಂದು ಲೋಟ ಮಜ್ಜಿಗೆ ಸಾಕು.

ಹಪ್ಪಳದ ವಿಚಾರವೂ ಹೀಗೆಯೇ. ಬೇಸಗೆಯಲ್ಲಿ ಬಲಿತ ಸೊಳೆಗಳನ್ನು ಹಬೆಯಲ್ಲಿ ಬೇಯಿಸಿ, ಉಪ್ಪು ಖಾರ ಸೇರಿಸಿ ಒರಳಿನಲ್ಲಿ ಗುದ್ದಿ, ಉಂಡೆ ಮಾಡಿ, ಎರಡು ಮಣೆಗಳ ನಡುವೆ ಒತ್ತಿ, ಚಾಪೆಯ ಮೇಲೆ ಒಣಗಿಸುವುದು ಒಬ್ಬರಿಂದಾಗುವ ಕೆಲಸವಲ್ಲ. ಇಂದು ನಮ್ಮ ಮನೆಯಲ್ಲಿ, ನಾಳೆ ನಿಮ್ಮ ಮನೆಯಲ್ಲಿ ಎಂದು ನೆರೆಕರೆಯವರು ಕೂಡಿ ಮಾಡುತ್ತಿದ್ದರು. ಕಾಗೆ ಓಡಿಸುವ ಉದ್ಯೋಗ ಮಕ್ಕಳದು. ಆದುದರಿಂದ ಮಳೆಗಾಲದಲ್ಲಿ ನನಗೆ ಸುಟ್ಟು ಕೊಟ್ಟ ಆ ಒಂದು ಹಪ್ಪಳದಲ್ಲಿ ಏಪ್ರಿಲ್ ತಿಂಗಳ ಬಿಸಿಲೂ ನಾಲ್ಕು ಮನೆಗಳ ದುಡಿಮೆಯೂ ಸೇರಿದ್ದವು. ಮನೆಯ ನೆಮ್ಮದಿ ಎಂಬುದು ಸಾಮಾನುಗಳ ಸಂಖ್ಯೆಯಲ್ಲಿಲ್ಲ. ಬರುವ ಕಷ್ಟಕಾಲವನ್ನು ಮೊದಲೇ ಎಣಿಸಿ, ತನಗೂ ಬರುವವನಿಗೂ ಸೇರಿಸಿ ಎತ್ತಿಡುವ ದೂರದೃಷ್ಟಿಯಲ್ಲಿದೆ. ಇಂದು ಗ್ಯಾಸಿನ ಒಲೆ, ತಂಪುಪೆಟ್ಟಿಗೆ, ಮಿಕ್ಸಿಗಳು ಬಂದು ಗೃಹಿಣಿಯರ ಬೆನ್ನಿನ ಭಾರ ಇಳಿದಿದೆ. ಅದು ಸಂತೋಷದ ವಿಷಯ. ಹಿಂದೆ ಆ ಭಾರವನ್ನು ಹೊತ್ತವರು ಹೆಂಗಸರೇ ಎಂಬುದನ್ನು ನಾವು ಗಂಡಸರು ಒಪ್ಪಿಕೊಳ್ಳಬೇಕು. ಮುಂದೆ ಭರಣಿ ತುಂಬುವಾಗ ಗಂಡುಮಕ್ಕಳೂ ಕೈಹಚ್ಚಲಿ.

ಪದಗಳೂ ಸಂಗ್ರಹವೇ

ಆ ಮಳೆಗಾಲದ ಅನಂತರ ನಾನು ಅಡುಗೆಮನೆಯ ಪದಗಳನ್ನು ಗಮನಿಸತೊಡಗಿದೆ. ನಾನು ಹಳ್ಳಿಯ ಮಾತೆಂದು ಹೊಡೆದುಹಾಕಿದ್ದ ‘ಸೊಳೆ’ಗೆ ಮಲಯಾಳದಲ್ಲಿ ‘ಚುಳ’, ತಮಿಳಿನಲ್ಲಿ ‘ಸುಳೈ’ ಎಂಬ ಒಡಹುಟ್ಟುಗಳಿವೆ. ಅದು ತಪ್ಪು ಪದವಲ್ಲ. ದ್ರಾವಿಡ ಭಾಷೆಗಳ ಸಂಬಂಧವನ್ನು ಸಾರುವ ಪದ. ‘ಆಸರಿಗೆ ಎಂತ?’ ಎಂದು ಆ ತಾಯಿ ಕೇಳಿದರಲ್ಲ, ಆ ‘ಆಸರು’ ಹಳಗನ್ನಡದಲ್ಲಿ ದಣಿವೆಂಬ ಅರ್ಥವುಳ್ಳ ಪದ. ‘ತಂಬುಳಿ’ ಎಂದರೆ ತಣ್ಣನೆಯ ಹುಳಿ. ಕಣ್+ಪನಿ ಸೇರಿ ‘ಕಂಬನಿ’ಯಾದಂತೆ ತಣ್+ಪುಳಿ ಸೇರಿ ‘ತಂಬುಳಿ’ಯಾಗಿದೆ. ವ್ಯಾಕರಣ ಪುಸ್ತಕದಲ್ಲಿ ನಾನು ಕಂಠಪಾಠ ಮಾಡಿಸುತ್ತಿದ್ದ ಆದೇಶಸಂಧಿಯನ್ನು ಮಕ್ಕಳು ದಿನವೂ ಅನ್ನಕ್ಕೆ ಕಲಸಿ ಉಣ್ಣುತ್ತಿದ್ದರು!

1956ರ ನವೆಂಬರ್ 1ರಂದು ನಮ್ಮ ಕಾಸರಗೋಡು ಕೇರಳಕ್ಕೆ ಸೇರಿತು. ಅಂದಿನಿಂದ ಕಚೇರಿಯ ಭಾಷೆ ಬೇರೆ, ಅಂಗಡಿಯ ಭಾಷೆ ಬೇರೆ ಆಗುತ್ತ ಬಂತು. ಶಾಲೆಯೂ ಮನೆಯೂ ಕನ್ನಡವನ್ನು ಉಳಿಸಿದವು. ಶಾಲೆಗಾಗಿ ನಾವು ಸಭೆ ಸೇರುತ್ತೇವೆ, ಮನವಿ ಸಲ್ಲಿಸುತ್ತೇವೆ. ಆದರೆ ಅಡುಗೆಮನೆಯಿಂದ ಒಂದು ಪದ ಹೊರಟುಹೋದಾಗ ಯಾರಿಗೂ ತಿಳಿಯುವುದಿಲ್ಲ. ಭರಣಿ ಹೋದರೆ ಉಪ್ಪುಸೊಳೆ ಹೋಯಿತು. ಉಪ್ಪುಸೊಳೆ ಹೋದರೆ ಆ ಪದಕ್ಕೆ ಮನೆಯಲ್ಲಿ ಕೆಲಸವಿಲ್ಲ.

ಮುಂದಿನ ವರ್ಷದಿಂದ ನಾನು ಶನಿವಾರಗಳಲ್ಲಿ ಪ್ರತಿಯೊಂದು ಮಗುವೂ ಮನೆಯಿಂದ ಒಂದು ಪದವನ್ನು ತರಬೇಕೆಂದು ಹೇಳಿ, ದಪ್ಪ ಪುಸ್ತಕದಲ್ಲಿ ಬರೆಯಿಸುತ್ತಿದ್ದೆ. ಮೊದಲ ಪುಟದ ಮೊದಲ ಪದ ‘ಉಪ್ಪುಸೊಳೆ’. ಅದನ್ನು ಬರೆದವಳು ಅದೇ ಬಾಲಕಿ. ಬರೆಯಲು ಹೇಳಿದಾಗ ಆಕೆ ನನ್ನ ಮುಖವನ್ನು ಒಮ್ಮೆ ನೋಡಿ, “‘ಸ’ವೋ ‘ತ’ವೋ ಮಾಷ್ಟ್ರೇ?” ಎಂದು ಕೇಳಿದಳು. “ನಿನ್ನ ಅಮ್ಮ ಹೇಳುವ ಹಾಗೆ ಬರೆ” ಎಂದೆ. ನಾನು ಕೇಳಿದ ಕ್ಷಮೆ ಅಷ್ಟೇ. ಆ ಪುಸ್ತಕವನ್ನು ಮುಂದೊಂದು ಮಳೆಗಾಲದಲ್ಲಿ ಗೆದ್ದಲು ತಿಂದುಹಾಕಿತು. ಮಿಡಿಯನ್ನೂ ಸೊಳೆಯನ್ನೂ ಕಾಪಾಡಲು ಬಲ್ಲ ಊರಿನಲ್ಲಿ ಒಂದು ಪುಸ್ತಕವನ್ನು ಕಾಪಾಡಲು ನನ್ನಿಂದಾಗಲಿಲ್ಲ.

ಅಭ್ಯಾಸ

ಪಾಠದ ಕೊನೆಗೆ ಅಭ್ಯಾಸ ಕೊಡುವುದು ಅಧ್ಯಾಪಕನ ಚಟ. ನನ್ನ ಹಳೆ ವಿದ್ಯಾರ್ಥಿಗಳಾದ ನಿಮಗೆ ಈಗ ಮೂರು ಪ್ರಶ್ನೆಗಳನ್ನು ಕೊಡುತ್ತಿದ್ದೇನೆ.

1. ನಿಮ್ಮ ಮನೆಯ ಹಿರಿಯರನ್ನು ಕೇಳಿ, ಅಡುಗೆಮನೆಯ ಹತ್ತು ಪದಗಳನ್ನು ಅವರು ಹೇಳುವ ರೀತಿಯಲ್ಲೇ ಬರೆಯಿರಿ.

2. ಮಳೆಗಾಲಕ್ಕೆಂದು ನಿಮ್ಮ ಮನೆಯಲ್ಲಿ ಎತ್ತಿಡುತ್ತಿದ್ದ ಒಂದು ಪದಾರ್ಥವನ್ನು ಮಾಡುವ ಕ್ರಮವನ್ನು ಅಳತೆಸಹಿತ ವಿವರಿಸಿರಿ.

3. ಹೇಳದೆ ಬಂದ ಅತಿಥಿಗೆ ನೀವು ಕೊನೆಯ ಬಾರಿ ಊಟ ಬಡಿಸಿದ್ದು ಯಾವಾಗ?

ಮೊದಲೆರಡು ಉತ್ತರಗಳನ್ನು ಮಹೋತ್ಸವಕ್ಕೆ ಬರುವಾಗ ತನ್ನಿರಿ. ಶಾಲೆಯಲ್ಲಿ ಹೊಸ ಪುಸ್ತಕವೊಂದನ್ನು ಇಡಲು ಮುಖ್ಯೋಪಾಧ್ಯಾಯರನ್ನು ಪ್ರಾರ್ಥಿಸಿಕೊಂಡಿದ್ದೇನೆ. ಮೂರನೆಯದಕ್ಕೆ ನಿಮಗೆ ನೀವೇ ಅಂಕ ಕೊಟ್ಟುಕೊಳ್ಳಿರಿ. ಈ ಬಾರಿ ನನ್ನ ಕೈಯಲ್ಲಿ ಕೆಂಪು ಶಾಯಿಯ ಪೆನ್ನು ಇರುವುದಿಲ್ಲವೆಂದು ಭರವಸೆ ಕೊಡುತ್ತೇನೆ.