ಲೇಸರ್ ಸೂಚಕವೂ ನಮ್ಮ ಕಣ್ಣೂ

ಪರದೆಯ ಮೇಲೆ ಚುಕ್ಕೆಯಿಟ್ಟು ತೋರಿಸುವ ಸಾಧಾರಣ ಲೇಸರ್ ಸೂಚಕದ ಸಾಮರ್ಥ್ಯ ೧ ಮಿಲಿವ್ಯಾಟ್. ಎಂದರೆ ವ್ಯಾಟಿನ ಸಾವಿರದಲ್ಲೊಂದು ಪಾಲು. ೬೦ ವ್ಯಾಟಿನ ದೀಪದ ಕೆಳಗೆ ನಿರ್ಭಯವಾಗಿ ಓದುವ ನಾವು ಇಷ್ಟು ಅಲ್ಪಕ್ಕೆ ಅಂಜುವುದೇಕೆ?

ದೀಪದ ಬೆಳಕು ಎಲ್ಲ ದಿಕ್ಕಿಗೂ ಚದುರುತ್ತದೆ. ಅದರಲ್ಲಿ ಕಣ್ಣನ್ನು ಸೇರುವುದು ಅತ್ಯಲ್ಪ. ಲೇಸರಿನ ಕಿರಣವಾದರೋ ಹೆಚ್ಚು ಹರಡದೆ ಸಾಗಿ, ಇಡಿಯಾಗಿ ಪಾಪೆಯೊಳಗೆ ನುಗ್ಗಬಲ್ಲುದು. ಕಣ್ಣಿನ ಮಸೂರವು ಅದನ್ನು ಅಕ್ಷಿಪಟಲದ ಮೇಲೆ ಮಿಲಿಮೀಟರಿನ ನೂರರಲ್ಲಿ ಕೆಲವೇ ಪಾಲಿನಷ್ಟು ಅಗಲದ ಬಿಂದುವಾಗಿ ಕೂಡಿಸುತ್ತದೆ. ಸೂರ್ಯನನ್ನು ದಿಟ್ಟಿಸಿದಾಗ ಅಲ್ಲಿ ಮೂಡುವ ಬಿಂಬದ ಅಗಲ ಸುಮಾರು ೦.೧೬ ಮಿಲಿಮೀಟರ್. ಸಮಾನ ವಿಸ್ತೀರ್ಣಕ್ಕೆ ಲೆಕ್ಕ ಹಾಕಿದರೆ ಈ ಪುಟ್ಟ ಕಡ್ಡಿ ಸೂರ್ಯನನ್ನೂ ಮೀರಿಸುತ್ತದೆ! ಅಕ್ಷಿಪಟಲಕ್ಕೆ ನೋವಿನ ಅರಿವೂ ಇಲ್ಲ.

೧ ಮಿಲಿವ್ಯಾಟಿನವರೆಗೆ, ಕಾಲು ಸೆಕೆಂಡಿನಲ್ಲಿ ತಾನಾಗಿ ಮುಚ್ಚುವ ರೆಪ್ಪೆಯೇ ನಮ್ಮ ರಕ್ಷೆ. 'ವರ್ಗ ೨' ಎಂಬ ಪಟ್ಟಿಯ ಅರ್ಥ ಇದೇ. ಹಸುರು ಸೂಚಕಗಳ ಮಾತು ಬೇರೆ. ಅವುಗಳಲ್ಲಿ ಅನೇಕವು ೧೦೬೪ ನ್ಯಾನೊಮೀಟರಿನ ಅವಕೆಂಪು ಕಿರಣವನ್ನು ಸ್ಫಟಿಕದ ಮೂಲಕ ಹಾಯಿಸಿ ೫೩೨ರ ಹಸುರನ್ನು ಪಡೆಯುತ್ತವೆ. ಅಗ್ಗದ ತಯಾರಿಕೆಯಲ್ಲಿ, ಉಳಿದ ಅವಕೆಂಪನ್ನು ತಡೆಯುವ ಶೋಧಕವೇ ಇಲ್ಲದಿರಬಹುದು. ಕಾಣದ ಕಿರಣಕ್ಕೆ ರೆಪ್ಪೆ ಮುಚ್ಚುವುದೆಂತು? ಪಟ್ಟಿಯಿಲ್ಲದ ಸೂಚಕವನ್ನು ಕೊಳ್ಳಲೇಬಾರದೆಂದು ನಮ್ಮ ಅಭಿಪ್ರಾಯ. ಪಟ್ಟಿಯನ್ನೂ ಸಂಪೂರ್ಣ ನಂಬಲಾಗದೆಂಬುದು ಬೇರೆ ಮಾತು.

ಮೊದಲ ಅಭ್ಯಾಸಕ್ಕೆ ಒರಟು ಗೋಡೆ ಸಾಕು. ಕನ್ನಡಿ, ಕಿಟಕಿಯ ಗಾಜು, ಹೊಳೆಯುವ ಪಾತ್ರೆಗಳು ಕಿರಣವನ್ನು ನಮ್ಮತ್ತಲೇ ಮರಳಿಸುತ್ತವೆ. ಗುಂಡಿಯನ್ನು ಒತ್ತುವ ಮುನ್ನವೇ ಗುರಿಯಿಡಬೇಕು. ಯಾರ ಮುಖದತ್ತಲೂ ತಿರುಗಿಸಬಾರದು. ರಾತ್ರಿ ನಕ್ಷತ್ರಗಳನ್ನು ತೋರಿಸುವಾಗ ವಿಮಾನದ ದೀಪ ಕಂಡೊಡನೆ ಆರಿಸಬೇಕು: ಕೆಲವು ಕಿಲೋಮೀಟರ್ ದೂರದಲ್ಲಿ ಚುಕ್ಕೆಯು ಮೀಟರುಗಳಷ್ಟು ಹಿಗ್ಗಿ, ಚಾಲಕನ ಕಣ್ಣನ್ನು ಸುಡದಿದ್ದರೂ ಇಳಿಯುವ ಹೊತ್ತಿನಲ್ಲಿ ಕೋರೈಸಬಲ್ಲುದು.